ಹಳದಿ ದೀಪ ಹತ್ತಿದಾಗ

ನಾವು ನಾಲ್ಕು ಮಂದಿ, ಸಾಣಾಪುರದ ಕೇರಿಯವರು. ಒಬ್ಬ ಕೆರೆಯಲ್ಲಿ ಹರಗೋಲು ಹಾಕುತ್ತಾನೆ. ಇಬ್ಬರು ನಾಟಿ, ಕೊಯ್ಲು ಅಂತ ಗದ್ದೆ ಕೂಲಿಗೆ ಹೋಗುತ್ತೇವೆ. ಇನ್ನೊಬ್ಬ ಕಂಡವರ ಗಾಡಿ ಓಡಿಸಿ ಓಡಿಸಿ ಸ್ಟೇರಿಂಗ್ ಹಿಡಿಯೋದು ಕಲಿತವನು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ವಿರುಪಾಪುರ ಗಡ್ಡೆಯ ರೆಸಾರ್ಟುಗಳನ್ನು ಕೆಡವಿದ ಮೇಲೆ ಪ್ರವಾಸಿಗರು ನಮ್ಮ ಊರ ಕಡೆ ಹೆಚ್ಚು ತಿರುಗಿದರು. ಕೆರೆ ನೋಡಲಿಕ್ಕೆ, ಬಂಡೆ ಏರಲಿಕ್ಕೆ, ಅಂಜನಾದ್ರಿಗೆ ಹೋಗಲಿಕ್ಕೆ ಬರುವವರಿಗೆ ಗಾಡಿ ಬೇಕು. ಆ ಆಸೆಯಿಂದ ಸಂಘದ ಸಾಲ, ಒಬ್ಬನ ಹೆಂಡತಿಯ ಕಿವಿಯ ಬಂಗಾರ, ಉಳಿದಷ್ಟು ಕೈಗಡ ಸೇರಿಸಿ ಒಂದು ಹಳೇ ಡೀಸೆಲ್ ಕಾರು ಕೊಂಡೆವು. ಅದರ ಜತೆ ಎರಡು ಚಾವಿ ಕೊಟ್ಟರು. ಗಾಡಿಯನ್ನು ಓದುವ ಪುಸ್ತಕ ಕೊಡಲಿಲ್ಲ. ನಾವೂ ಕೇಳಲಿಲ್ಲ.

ಒಂದು ಮಳೆಗಾಲದಲ್ಲಿ ಸ್ಟೇರಿಂಗ್ ಮುಂದಿನ ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿತು. ಚಿತ್ರ ಏನೆಂದರೆ ಒಂದು ಡಬ್ಬಿಯಂಥದ್ದು, ಅದರ ಕೆಳಗೆ ಹನಿ. ಹನಿ ಕಂಡಕೂಡಲೇ ನಮಗೆ ನೀರು ಅನ್ನಿಸಿತು. 'ರೇಡಿಯೇಟರಿಗೆ ನೀರು ಕಡಿಮಿ ಆಗಿರಬೇಕು' ಅಂತ ನೀರು ಹಾಕಿದೆವು. ದೀಪ ಆರಲಿಲ್ಲ. ಹುಲಿಗಿಯ ಸ್ಟ್ಯಾಂಡಿನಲ್ಲಿ ಒಬ್ಬ ಡ್ರೈವರ್, 'ಸೆನ್ಸಾರ್ ಲೂಸ್ ಆಗಿರತೈತಿ, ಗಾಡಿ ಓಡ್ತೈತಲ್ಲ, ಬಿಡ್ರಿ' ಅಂದ. ನಾವೂ ಬಿಟ್ಟೆವು. ದೀಪ ಹನ್ನೊಂದು ದಿನ ಹತ್ತಿಕೊಂಡೇ ಇತ್ತು.

ಹನ್ನೆರಡನೇ ದಿನ ರಾತ್ರಿ ಕೇರಿಯ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ನೋವು ಬಂತು. ತವರಿಗೆ ಬಂದಿದ್ದ ಚೊಚ್ಚಲ ಬಸುರಿ. ನಮ್ಮ ಗಾಡಿ ಮನೆಯ ಮುಂದೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ಆಕೆ, ಆಕೆಯ ತಾಯಿ, ಇನ್ನೊಬ್ಬ ಮುದುಕಿ. ಗಂಗಾವತಿಯ ದಾರಿ ಹಿಡಿದೆವು. ಆನೆಗೊಂದಿ ದಾಟಿದ ಮೇಲೆ ಗಾಡಿ ಜಗ್ಗಲಿಕ್ಕೆ ಶುರು ಮಾಡಿತು. ಎಕ್ಸಿಲೇಟರ್ ಒತ್ತಿದರೂ ಎಳೆಯಲೊಲ್ಲದು. ಎರಡು ಸಲ ಕೆಮ್ಮಿದಂತೆ ಮಾಡಿ ನಿಂತೇ ಬಿಟ್ಟಿತು. ಎರಡೂ ಕಡೆ ಭತ್ತದ ಗದ್ದೆ, ಕಪ್ಪೆಗಳ ಕೂಗು, ಒಳಗೆ ಆಕೆಯ ನರಳಾಟ. ಸ್ಟಾರ್ಟ್ ಹೊಡೆದು ಹೊಡೆದು ಬ್ಯಾಟರಿಯೂ ಇಳಿಯಿತು.

ಮುಕ್ಕಾಲು ತಾಸಿನ ಮೇಲೆ ಹಾಲಿನ ಟೆಂಪೋ ಒಂದು ಬಂತು. ಕ್ಯಾನುಗಳನ್ನು ರಸ್ತೆಗೆ ಇಳಿಸಿ ಆಕೆಯನ್ನು ಏರಿಸಿದರು. ಕೂಸು ಆಸ್ಪತ್ರೆಯ ಬಾಗಿಲೊಳಗೆ ಹೋದ ಮೇಲೆ ಹುಟ್ಟಿತು, ತಾಯಿ ಕೂಸು ಇಬ್ಬರೂ ಉಳಿದರು. ಆ ಟೆಂಪೋ ಬರದಿದ್ದರೆ ಏನಾಗುತ್ತಿತ್ತೆಂದು ನಾವು ಇವತ್ತಿಗೂ ಮಾತಾಡುವುದಿಲ್ಲ. ಬೆಳಿಗ್ಗೆ ಆ ತಾಯಿ ನಮ್ಮನ್ನು ಬೈಯಲಿಲ್ಲ. ಒಂದೇ ಮಾತು ಕೇಳಿದಳು:

'ಯಪ್ಪಾ, ದೀಪ ಹತ್ತಿದ್ದು ನಿಮಗ ಕಂಡಿತ್ತಂತ. ಮತ್ತ ಅದೇನಂತ ಯಾಕ ಕೇಳಲಿಲ್ಲ?'

ಈ ಬರಹ ಆ ಪ್ರಶ್ನೆಗೆ ನಾವು ಕೊಡುತ್ತಿರುವ ಉತ್ತರ.

ಗಾಡಿಯನ್ನು ಎಳೆಸಿಕೊಂಡು ಪಟ್ಟಣದ ದೊಡ್ಡ ಗ್ಯಾರೇಜಿಗೆ ಒಯ್ದೆವು. ನಮ್ಮನ್ನು ಗೇಟಿನ ಹೊರಗೆ ನಿಲ್ಲಿಸಿದರು. ಒಳಗೆ ಸ್ಟೇರಿಂಗ್ ಕೆಳಗೆ ಏನೋ ಸಿಕ್ಕಿಸಿ ಪರದೆ ನೋಡಿದರು. ಹೊರಗೆ ಬಂದು, 'ನಾಕೂ ಇಂಜೆಕ್ಟರ್ ಹೋಗ್ಯಾವ, ಪಂಪೂ ಹೋಗೈತಿ, ಒಂದು ಲಕ್ಷದ ಮ್ಯಾಲ ಆಕ್ಕೈತಿ' ಅಂದರು. 'ಪರದೆ ಮ್ಯಾಲ ಏನು ಬಂತು, ಬರದು ಕೊಡ್ರಿ' ಅಂದೆವು. 'ಕೋಡ್ ತಗೊಂಡು ನೀವೇನು ಮಾಡ್ತೀರಿ? ತಿಳೀತೈತೇನು ನಿಮಗ?' ಅಂದರು.

ತಿಳಿಯುತ್ತಿರಲಿಲ್ಲ, ಖರೆ. ಆದರೆ ತಿಳಿಯದವನಿಗೆ ಹೇಳಬಾರದು ಅನ್ನುವ ಕಾಯಿದೆ ಎಲ್ಲಿಯದು? ಹೀಗೆ ಹೇಳಿ ಹೇಳಿಯೇ ಅಲ್ಲವೆ ನಮ್ಮ ಅಪ್ಪಂದಿರ ಹೆಬ್ಬೆಟ್ಟು ಒತ್ತಿಸಿಕೊಂಡದ್ದು? ಗಾಡಿಯನ್ನು ಅಲ್ಲಿಂದ ಎಳೆದುಕೊಂಡು ಬಂದೆವು.

ಟ್ರ್ಯಾಕ್ಟರ್, ಪಂಪ್‌ಸೆಟ್ ರಿಪೇರಿ ಮಾಡುವ ಒಬ್ಬ ಮುದುಕ ಮಿಸ್ತ್ರಿ ಇದ್ದ. ನಾವೆಲ್ಲ ಚಾಚಾ ಅನ್ನುತ್ತೇವೆ. ಆತ ಪರದೆ ತರಲಿಲ್ಲ. ಮೊದಲು ಪ್ರಶ್ನೆ ಕೇಳಿದ. ಡೀಸೆಲ್ ಎಲ್ಲಿ ಹಾಕಿಸಿದಿರಿ? ಟ್ಯಾಂಕು ಎಷ್ಟು ಖಾಲಿ ಮಾಡಿ ಓಡಿಸುತ್ತೀರಿ? ಫಿಲ್ಟರ್ ಯಾವಾಗ ಬದಲಿಸಿದಿರಿ? ಹೊಗೆ ಯಾವ ಬಣ್ಣ ಇತ್ತು? ನಾವು ತಲೆ ತಗ್ಗಿಸಿ ಹೇಳಿದೆವು: ಬಂಕಿಗೆ ಹೋಗುವ ಬೇಸರಕ್ಕೆ ಊರಲ್ಲೇ ಬ್ಯಾರಲ್ಲಿನಿಂದ ಕ್ಯಾನಿಗೆ ಬಗ್ಗಿಸಿ ಕೊಡುವ ಡೀಸೆಲ್ ಹಾಕಿಸಿದ್ದೆವು. ಬ್ಯಾರಲ್ ಮಳೆಯಲ್ಲೇ ನಿಂತಿತ್ತು. ಫಿಲ್ಟರ್ ಅನ್ನುವುದು ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ಚಾಚಾ ಬಾನೆಟ್ ಎತ್ತಿ ಡೀಸೆಲ್ ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಕೆಳಗೆ ಗಾಜಿನ ಬಾಟಲಿ ಹಿಡಿದ. ತುಂಬಿಸಿ ಐದು ನಿಮಿಷ ಅಲ್ಲಾಡಿಸದೆ ಇಟ್ಟ. ಬಾಟಲಿಯಲ್ಲಿ ಮೇಲೆ ಡೀಸೆಲ್, ಕೆಳಗೆ ಅರ್ಧಕ್ಕಿಂತ ಹೆಚ್ಚು ನೀರು, ನಡುವೆ ಗೆರೆ ಎಳೆದಂತೆ.

'ದೀಪ ಹೇಳಿದ್ದು ಇದನ್ನ. ಡಬ್ಬಿ ಅಂದ್ರ ಫಿಲ್ಟರ್. ಹನಿ ಅಂದ್ರ ಅದರಾಗಿನ ನೀರು. ನೀವು ಇದ್ದ ನೀರು ತಗಿಯೋದು ಬಿಟ್ಟು ಮತ್ತೊಂದು ಕಡಿ ನೀರು ಹಾಕೀರಿ' ಅಂದ ಚಾಚಾ.

ಡೀಸೆಲ್ ನೀರಿಗಿಂತ ಹಗುರ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಅದಕ್ಕೇ ನೀರು ತಳ ಸೇರುತ್ತದೆ. ಫಿಲ್ಟರಿನ ತಳದಲ್ಲಿರುವ ಸೆನ್ಸಾರಿಗೆ ಆ ನೀರು ಮುಟ್ಟಿದಾಗ ದೀಪ ಹತ್ತುತ್ತದೆ. ಟ್ಯಾಂಕನ್ನು ಸದಾ ಖಾಲಿ ಇಟ್ಟರೂ ಒಳಗಿನ ಗಾಳಿಯ ತೇವ ರಾತ್ರಿ ತಂಪಿಗೆ ನೀರಾಗಿ ಇಳಿಯುತ್ತದೆ.

ಹಳೇ ಟ್ರ್ಯಾಕ್ಟರು ಇಂಥ ಅನ್ಯಾಯವನ್ನು ಕೊಂಚ ತಡೆದುಕೊಳ್ಳುತ್ತಿತ್ತು. ಈಗಿನ ಕಾರಿನದು ಕಾಮನ್ ರೈಲ್. ಪಂಪು ಡೀಸೆಲ್ಲನ್ನು ಒಂದು ಗಟ್ಟಿ ಕೊಳವೆಗೆ ಒತ್ತುತ್ತದೆ. ಅಲ್ಲಿಂದ ನಾಲ್ಕೂ ಇಂಜೆಕ್ಟರಿಗೆ ಹಂಚಿಕೆ. ಅದರೊಳಗಿನ ಒತ್ತಡ 1600 ಬಾರ್‌ವರೆಗೂ ಏರುತ್ತದೆ, ಕೆಲವು ಗಾಡಿಗಳಲ್ಲಿ ಇನ್ನೂ ಹೆಚ್ಚು. ಕಾರಿನ ಟಯರಿನ ಗಾಳಿ ಬರೀ 2 ಬಾರ್ ಚಿಲ್ಲರೆ. ಇಂಜೆಕ್ಟರಿನ ತೂತು ಕೂದಲೆಳೆಯಷ್ಟು. ಪಂಪಿಗೆ, ಇಂಜೆಕ್ಟರಿಗೆ ಡೀಸೆಲ್ಲೇ ಎಣ್ಣೆ ಕೂಡ. ಅದೇ ಜಿಡ್ಡಿನಿಂದ ಅವು ಸವೆಯದೆ ಉಳಿಯಬೇಕು. ನೀರಿಗೆ ಜಿಡ್ಡಿಲ್ಲ. ನೀರು ಹೋದಲ್ಲಿ ತುಕ್ಕು, ಸವೆತ. ನಾವು ಹನ್ನೊಂದು ದಿನ ಮಾಡಿದ್ದು ಇದನ್ನೇ.

ಮುಂದಿನ ಕೆಲಸ ಚಾಚಾ ನಮ್ಮ ಕೈಯಿಂದಲೇ ಮಾಡಿಸಿದ. ಟ್ಯಾಂಕು ಇಳಿಸಿ ತೊಳೆದೆವು. ಹೊಸ ಫಿಲ್ಟರ್ ಹಾಕಿದೆವು. ಕೈಪಂಪು ಗಟ್ಟಿಯಾಗುವ ತನಕ ಒತ್ತಿ ಗಾಳಿ ತೆಗೆದೆವು. ಪೈಪಿನ ಜೋಡಣೆ ಸಡಿಲಿದ್ದರೆ ಎಂಜಿನ್ ಗಾಳಿ ಎಳೆಯುತ್ತದೆ, ಆಗ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ ಅಂತ ಒಂದೊಂದನ್ನೂ ಮುಟ್ಟಿ ತೋರಿಸಿದ. ಆಮೇಲೆ ಗಾಡಿ ಸ್ಟಾರ್ಟ್ ಆಯಿತು, ಆದರೆ ನಡುಗುತ್ತಿತ್ತು.

ಆಗ ಪರದೆಯ ಸರದಿ. ನಮ್ಮ ಕೇರಿಯ ಒಬ್ಬ ಹುಡುಗಿ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದುತ್ತಾಳೆ. ಸ್ಟೇರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವ ಸಣ್ಣ ಸ್ಕ್ಯಾನರನ್ನು ಆಕೆ ತಂದಳು. ಸಾವಿರ ರೂಪಾಯಿಯ ಒಳಗಿನದು. ಬಂದ ಕೋಡು ಪಿ0087. ರೈಲಿನಲ್ಲಿ ಒತ್ತಡ ಸಾಲದು ಎಂದು ಅದರ ಅರ್ಥ. ಅಷ್ಟೇ. ಪಂಪು ಹೋಗಿದೆ, ಇಂಜೆಕ್ಟರ್ ಹೋಗಿದೆ ಎಂದು ಅದು ಹೇಳುವುದಿಲ್ಲ. ಫಿಲ್ಟರ್ ಕಟ್ಟಿದರೂ ಇದೇ ಕೋಡು, ಗಾಳಿ ಎಳೆದರೂ ಇದೇ, ಪಂಪು ಸವೆದರೂ ಇದೇ. ಕೋಡು ಅಂದರೆ ಅರ್ಜಿ, ತೀರ್ಪಲ್ಲ. ಗ್ಯಾರೇಜಿನವರು ಅರ್ಜಿಯನ್ನೇ ತೀರ್ಪು ಮಾಡಿ ನಮ್ಮ ಕೈಗೆ ಲಕ್ಷದ ಬಿಲ್ಲು ಕೊಡಲಿಕ್ಕೆ ಹೊರಟಿದ್ದರು.

ವಿಚಾರಣೆ ಹೇಗೆ? ಪ್ರತಿ ಇಂಜೆಕ್ಟರಿನಿಂದ ಕೊಂಚ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಆ ನಾಲ್ಕೂ ಪೈಪನ್ನು ಒಂದೇ ಅಳತೆಯ ನಾಲ್ಕು ಬಾಟಲಿಗೆ ಬಿಟ್ಟು ಎಂಜಿನ್ ಓಡಿಸಿದೆವು. ಮೂರು ಬಾಟಲಿ ಸರಿಸಮ ತುಂಬಿದವು. ಮೂರನೇ ಇಂಜೆಕ್ಟರಿನ ಬಾಟಲಿ ಮಾತ್ರ ಎರಡು ಪಟ್ಟು ಬೇಗ ತುಂಬಿತು. ಒಳಗೆ ಸವೆದು ಒತ್ತಡ ಸೋರಿಸುತ್ತಿದ್ದವ ಅವನೊಬ್ಬನೇ. ಅದೊಂದನ್ನೇ ಬಿಚ್ಚಿ ರಿಪೇರಿ ಮಾಡಿಸಿದೆವು. ಎಲ್ಲಾ ಸೇರಿ ಹದಿನಾಲ್ಕು ಸಾವಿರ.

ಇದನ್ನು ಓದಿ ಯಾರಾದರೂ ಉತ್ಸಾಹದಿಂದ ಪಾನಾ ಹಿಡಿಯುವ ಮೊದಲು ಒಂದು ಮಾತು. ಎಂಜಿನ್ ಓಡುವಾಗ ರೈಲಿನ ಗಟ್ಟಿ ಪೈಪುಗಳನ್ನು ಬಿಚ್ಚಬೇಡಿ. ಸೋರುವ ಜಾಗಕ್ಕೆ ಬೆರಳು ಇಡಬೇಡಿ. ಅಷ್ಟು ಒತ್ತಡದ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ಹೋಗುತ್ತದೆ. ಮೇಲೆ ಚುಕ್ಕೆಯಷ್ಟೇ ಗಾಯ ಕಂಡರೂ ಬೆರಳು ತೆಗೆಸಬೇಕಾದೀತು. ತಕ್ಷಣ ಆಸ್ಪತ್ರೆಗೆ ಓಡಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ.

ಗಾಡಿ ಸರಿಯಾದ ಮೇಲೆ ಇನ್ನೊಂದು ಮೋಸ ಬಯಲಿಗೆ ಬಂತು. ಚಾವಿಯನ್ನು ಸ್ಟಾರ್ಟ್ ಹೊಡೆಯದೆ 'ಆನ್' ಹಂತಕ್ಕೆ ತಿರುಗಿಸಿದರೆ ಎಚ್ಚರಿಕೆ ದೀಪಗಳು ಒಮ್ಮೆ ಹತ್ತಬೇಕು. ಎಂಜಿನ್ ಚಿತ್ರದ ಹಳದಿ ದೀಪ ನಮ್ಮ ಗಾಡಿಯಲ್ಲಿ ಹತ್ತಲೇ ಇಲ್ಲ. ಬೋರ್ಡು ಬಿಚ್ಚಿ ನೋಡಿದರೆ ಒಳಗಿನಿಂದ ಕರೀ ಟೇಪು ಅಂಟಿಸಿದ್ದರು. ಹಳೇ ಗಾಡಿ ಕೊಳ್ಳುವ ಬಡವರೇ, ಹತ್ತಿದ ದೀಪಕ್ಕಿಂತ ಹತ್ತದ ದೀಪಕ್ಕೆ ಹೆಚ್ಚು ಹೆದರಿ. ಚಾವಿ ತಿರುಗಿಸಿ ದೀಪ ಎಣಿಸಿದ ಮೇಲೆಯೇ ದುಡ್ಡು ಎಣಿಸಿ.

ಈ ಹೊಣೆ ಡ್ರೈವರನದಷ್ಟೇ ಅಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿ ಹೋಯಿತು. ತುಂಬಿದ ನೀರು ನದಿಗೆ ಹರಿದು ಹೋಗುವಾಗ ಎಡದಂಡೆಯ ನಾವೆಲ್ಲ ನಮ್ಮ ನಾಟಿಯ ಗತಿ ಏನೆಂದು ರಾತ್ರಿ ನಿದ್ದೆ ಮಾಡಲಿಲ್ಲ. ಕಬ್ಬಿಣ ಸವೆಯುವುದು ಒಂದೇ ರಾತ್ರಿಯಲ್ಲಲ್ಲ. ಸವೆಯುವಾಗ ನೋಡುವ ಕಣ್ಣು ಬೇಕು, ನೋಡಿದ್ದನ್ನು ಕೇಳುವ ಕಿವಿ ಬೇಕು. ನಮಗೆ ದೀಪವಾದರೂ ಇತ್ತು, ನಾವೇ ಕೇಳಲಿಲ್ಲ.

ಈಗ ಭಾನುವಾರ ಸಂಜೆ ಕೇರಿಯ ಸಮುದಾಯ ಭವನದಲ್ಲಿ ಕೂಡುತ್ತೇವೆ. ಆಟೋದವರು, ಟ್ರ್ಯಾಕ್ಟರಿನವರು ಬರುತ್ತಾರೆ. ಐಟಿಐ ಹುಡುಗಿ ಡ್ರಾಯಿಂಗ್ ಹಾಳೆಯ ಮೇಲೆ ದೀಪಗಳ ಚಿತ್ರ ಬರೆದು ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆದಿದ್ದಾಳೆ. ಕೆಂಪು ಎಂದರೆ ನಿಲ್ಲಿಸು: ಎಂಜಿನ್ ಎಣ್ಣೆ, ಬಿಸಿ, ಬ್ರೇಕು. ಹಳದಿ ಎಂದರೆ ಇವತ್ತೇ ವಿಚಾರಿಸು. ಸುರುಳಿಯ ಚಿತ್ರ ಗ್ಲೋ ಪ್ಲಗ್ಗಿನದು; ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ, ಒತ್ತಿದ ಗಾಳಿಯ ಕಾವಿನಿಂದಲೇ ಉರಿಯುತ್ತದೆ, ತಣ್ಣಗಿದ್ದಾಗ ಆ ಕಾವಿಗೆ ಗ್ಲೋ ಪ್ಲಗ್ ನೆರವಾಗುತ್ತದೆ. ಸುರುಳಿ ಆರಿದ ಮೇಲೆ ಸ್ಟಾರ್ಟ್ ಹೊಡೆಯಬೇಕು. ಕರೀ ಹೊಗೆ ಎಂದರೆ ಗಾಳಿ ಕಡಿಮೆ, ಡೀಸೆಲ್ ಹೆಚ್ಚು. ಬಿಳೀ ಹೊಗೆ ಎಂದರೆ ಡೀಸೆಲ್ ಪೂರಾ ಉರಿದಿಲ್ಲ. ನೀಲಿ ಎಂದರೆ ಎಂಜಿನ್ ಎಣ್ಣೆ ಸುಡುತ್ತಿದೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಇನ್ನೂ ದೀಪಗಳಿವೆ. ಕೆಲವಕ್ಕೆ ಡೀಸೆಲ್ ಜತೆ ಯೂರಿಯಾ ನೀರು ಹಾಕಬೇಕು, ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ. 'ಯೂರಿಯಾ ಅಂದ್ರ ನಮ್ಮ ಮನ್ಯಾಗ ಚೀಲ ಐತಿ, ಅದನ್ನ ಕದಡಿ ಹಾಕಿದ್ರ?' ಎಂದು ಒಬ್ಬ ರೈತ ಕೇಳಿದ. ಬ್ಯಾಡ. ಗದ್ದೆಯ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸಿರುತ್ತದೆ, ಕಸರೂ ಇರುತ್ತದೆ. ಸೈಲೆನ್ಸರ್ ಕಡೆಯ ದುಬಾರಿ ಸಾಮಾನು ಕೆಟ್ಟುಹೋಗುತ್ತದೆ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ನಮ್ಮದೊಂದು ಬೇಡಿಕೆ. ಸಾಂದ್ರತೆಯ ಪಾಠ ಮಾಡುವಾಗ ಬಾಟಲಿಯಲ್ಲಿ ನೀರು, ಡೀಸೆಲ್ ಹಾಕಿ ತೋರಿಸಿ. ಆ ಪಾಠ ನಮಗೆ ಏಳನೇ ಇಯತ್ತೆಯಲ್ಲಿ ಆಗಿತ್ತು. ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆವು. ಅದು ನಮ್ಮ ಗಾಡಿಯೊಳಗೆ ಇದೆ ಎಂದು ಯಾರೂ ಹೇಳಿರಲಿಲ್ಲ. ಗಾಡಿ ಮಾರುವವರು ಈ ನೆಲದಲ್ಲಿ ಮಾರುತ್ತಾರೆ, ಪುಸ್ತಕ ಮಾತ್ರ ಇಂಗ್ಲಿಷಿನಲ್ಲಿ. ಓಡಿಸುವವನ ಭಾಷೆಯಲ್ಲಿ ಪುಸ್ತಕ ಕೊಡಿ ಎಂದು ಕೇಳುವುದು ದಯೆ ಬೇಡಿದಂತಲ್ಲ. ಅದಕ್ಕೆ ನಾವು ದುಡ್ಡು ಕೊಟ್ಟಿದ್ದೇವೆ.

ಮೊನ್ನೆ ಭಾನುವಾರ ಆ ತಾಯಿ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಭವನಕ್ಕೆ ಬಂದಳು. ಕಿಟಕಿಯಲ್ಲಿ ಇಟ್ಟಿರುವ ಚಾಚಾನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. 'ಮ್ಯಾಲಿಂದ್ಯಾವುದು, ಕೆಳಗಿಂದ್ಯಾವುದು?' ಎಂದು ಕೇಳಿದಳು. ಹೇಳಿದೆವು. ಆಮೇಲೆ ಗೋಡೆಯ ಹಾಳೆಯ ಮುಂದೆ ನಿಂತು ಒಂದೊಂದೇ ದೀಪದ ಮೇಲೆ ಬೆರಳಿಟ್ಟು ಕೇಳುತ್ತಾ ಹೋದಳು. ಆಕೆಗೆ ಗಾಡಿ ಓಡಿಸಲು ಬರುವುದಿಲ್ಲ, ಓದಲೂ ಬರುವುದಿಲ್ಲ. ಹದಿನಾಲ್ಕು ದೀಪ ಕೇಳಿ ಮುಗಿಸಿ, 'ಇನ್ನ ಮ್ಯಾಲ ಹಿಂದಿನ ಸೀಟಿನ್ಯಾಗ ಕುಂತರೂ ನಾನೂ ನೋಡತೀನಿ' ಅಂದಳು.