ಖಜೂರ್ ರೋಡಿನಿಂದ ಐಟಿಒವರೆಗೆ

ದೆಹಲಿಯ ಒಂದು ಮನೆಯ ವಿಳಾಸವೇ ಒಂದು ಆಲ್ಬಮ್ಮಿನ ಹೆಸರಾಗಿದೆ: ‘16/330 ಖಜೂರ್ ರೋಡ್’. 2010ರಲ್ಲಿ ಇಂಡಿಯನ್ ಓಷನ್ ತಂಡ ಅದರ ಹಾಡುಗಳನ್ನು ಒಂದೊಂದಾಗಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಬಿಟ್ಟಿತು. ಕರೋಲ್ ಬಾಗಿನ ಆ ವಿಳಾಸದಲ್ಲಿದ್ದ ಹಳೆಯ ಬಂಗಲೆಯಲ್ಲಿ ತಂಡದವರು ವರ್ಷಗಟ್ಟಲೆ ತಾಲೀಮು ನಡೆಸಿದ್ದರು. ತಾಲೀಮಿಗೆ ಜಾಗ ಕೊಟ್ಟ ಮನೆಯ ಹೆಸರನ್ನೇ ಹಾಡಿನ ಗಂಟಿಗೆ ಇಟ್ಟವರು ನಮ್ಮ ದೇಶದಲ್ಲಿ ಎಷ್ಟು ಮಂದಿ ಇದ್ದಾರೋ! ಕಳೆದ ಭಾನುವಾರ ಆ ಕಡೆ ಹೋಗಿ ಬಂದೆ. ಹೋಗಲು ಒಂದು ಕಾರಣವೂ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ.

ನಾನು ಹಾಸನದಿಂದ ದೆಹಲಿಗೆ ಬಂದದ್ದು 1996ರಲ್ಲಿ. ಆಗಿನ್ನೂ ಮೆಟ್ರೋ ಇರಲಿಲ್ಲ. ಯಮುನೆಯ ಆಚೆ ಲಕ್ಷ್ಮೀನಗರದಲ್ಲಿ ಮಹಡಿಯ ಮೇಲಿನ ಒಂಟಿ ಕೋಣೆ, ಬ್ಲೂಲೈನ್ ಬಸ್ಸು, ಒಂದು ಟೇಪ್ ರೆಕಾರ್ಡರ್. ಕೇಬಲ್ ಟೀವಿಯಲ್ಲಿ ಎಂಟಿವಿ ಬಂದು ಐದಾರು ವರ್ಷವಾಗಿತ್ತು. ಕಾಲೇಜು ಹಬ್ಬಗಳಲ್ಲಿ ಹುಡುಗರು ನಿರ್ವಾಣ, ಪರ್ಲ್ ಜಾಮ್ ಹಾಡುಗಳನ್ನು ಅಮೆರಿಕದವರ ಉಚ್ಚಾರಣೆಯಲ್ಲೇ ಹಾಡುತ್ತಿದ್ದರು. ಆಲ್ಟರ್ನೇಟಿವ್ ರಾಕ್ ಅಂದರೆ ಸಿಯಾಟಲ್ಲಿನಿಂದ ಬರುವ ವಸ್ತು ಎಂದೇ ಎಲ್ಲರ ನಂಬಿಕೆ. ಅಂಥ ಹೊತ್ತಿನಲ್ಲಿ ಇಂಡಿಯನ್ ಓಷನ್ ತನ್ನದೇ ಸಂಗೀತ ಕಟ್ಟುತ್ತಿತ್ತು. ಗಿಟಾರಿಗೆ ಸುಸ್ಮಿತ್ ಸೆನ್, ಬೇಸ್ ಗಿಟಾರಿಗೆ ರಾಹುಲ್ ರಾಮ್, ಡ್ರಮ್ಸಿಗೆ ಅಮಿತ್ ಕಿಲಮ್. ಅಸೀಮ್ ಚಕ್ರವರ್ತಿಯವರು ಮಾತ್ರ ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಬಲಾ ನುಡಿಸುತ್ತಲೇ ಹಾಡುವವರು. ರಾಕ್ ಕಛೇರಿಯಲ್ಲಿ ಹೀಗೆ ನೆಲದ ಮೇಲೆ ಕೂತವರನ್ನು ಕಂಡಾಗ ನನಗೆ ನಮ್ಮೂರಿನ ಭಜನೆಮನೆ ನೆನಪಾಗಿತ್ತು.

ಈ ತಂಡದ ಹೆಸರೆತ್ತಿದರೆ ಹೆಚ್ಚಿನವರಿಗೆ ನೆನಪಾಗುವುದು 2000ದಲ್ಲಿ ಬಂದ ‘ಕಂದೀಸಾ’. ಕೇರಳದ ಸಿರಿಯನ್ ಕ್ರೈಸ್ತರ ಪ್ರಾಚೀನ ಪ್ರಾರ್ಥನೆಯೊಂದನ್ನು ಎತ್ತಿಕೊಂಡು ಮಾಡಿದ ಹಾಡು ಅದು. ಸಿನಿಮಾ ನೋಡುವವರಾದರೆ ‘ಬ್ಲ್ಯಾಕ್ ಫ್ರೈಡೇ’ ಚಿತ್ರದ ‘ಬಂದೇ’ ಹೇಳುತ್ತಾರೆ. ಇವಕ್ಕೆ ಮುಂಚೆ ತೊಂಬತ್ತರ ದಶಕದಲ್ಲೇ ಎರಡು ಆಲ್ಬಮ್ ಬಂದಿದ್ದವು. 1993ರಲ್ಲಿ ಎಚ್‌ಎಂವಿಯಿಂದ ಬಂದದ್ದಕ್ಕೆ ತಂಡದ ಹೆಸರೇ ಹೆಸರು. 1997ರಲ್ಲಿ ಬಂದದ್ದು ‘ಡೆಸರ್ಟ್ ರೇನ್’. ಈ ಎರಡನೆಯದನ್ನು ಕೇಳಿದವರು ನನ್ನ ಸ್ನೇಹಿತರಲ್ಲಿ ಇಬ್ಬರೋ ಮೂವರೋ. ಆಮೇಲೆ ಬಂದದ್ದರ ಬೇರೆಲ್ಲ ಅದರಲ್ಲೇ ಇದೆ ಅನ್ನುವುದು ನನ್ನ ಎಣಿಕೆ.

ಕರೋಲ್ ಬಾಗ್ ಮೆಟ್ರೋದಲ್ಲಿ ಇಳಿದಾಗ ಬೆಳಗಿನ ಹತ್ತು ಗಂಟೆ. ಇಲ್ಲಿನ ಪೇಟೆಗೆ ರಜೆ ಸೋಮವಾರ, ಹಾಗಾಗಿ ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ಅಜ್ಮಲ್ ಖಾನ್ ರಸ್ತೆಯಲ್ಲಿ ಮದುವೆ ಬಟ್ಟೆ, ಗಫಾರ್ ಮಾರ್ಕೆಟ್ಟಿನಲ್ಲಿ ಮೊಬೈಲು. ದೇಶ ಒಡೆದಾಗ ಪಂಜಾಬಿನಿಂದ ಬಂದವರು ನೆಲೆ ಕಂಡುಕೊಂಡ ಊರು ಇದು. ಸರ್ಕಾರಿ ಕಚೇರಿಗಳಲ್ಲಿ ಕೆಲಸ ಹಿಡಿದು ದಕ್ಷಿಣದಿಂದ ಬಂದ ಎಷ್ಟೋ ಸಂಸಾರಗಳೂ ಒಂದು ಕಾಲಕ್ಕೆ ಇಲ್ಲಿಯೇ ಬಾಡಿಗೆಗಿದ್ದವು. ಹಳೆಯ ಕನ್ನಡಿಗರನ್ನು ಕೇಳಿ ನೋಡಿ, ‘ನಾವು ಮೊದಲು ಕರೋಲ್ ಬಾಗಿನಲ್ಲಿದ್ದೆವು’ ಎನ್ನುವವರು ಒಬ್ಬರಾದರೂ ಸಿಗುತ್ತಾರೆ.

ಪೇಟೆಯ ಗದ್ದಲ ದಾಟಿ ಖಜೂರ್ ರೋಡಿಗೆ ಹೋದೆ. ಖಜೂರ್ ಎಂದರೆ ಖರ್ಜೂರ. ಆಲ್ಬಮ್ಮಿನಲ್ಲಿ ಹೆಸರಿಸಿದ ಮನೆ ಸಂಖ್ಯೆಯನ್ನು ಹುಡುಕಿಕೊಂಡು ಯಾರ ಬಾಗಿಲನ್ನೂ ತಟ್ಟಲಿಲ್ಲ. ಹಾಡಿನಲ್ಲಿ ವಿಳಾಸ ಬಂತೆಂದು ಇನ್ನೊಬ್ಬರ ಮನೆಯೊಳಗೆ ಇಣುಕುವ ಹಕ್ಕು ನಮಗೆ ಬರುವುದಿಲ್ಲವಲ್ಲ. ರಸ್ತೆಯುದ್ದಕ್ಕೂ ಒಮ್ಮೆ ನಡೆದು, ಚಹಾದ ಗಾಡಿಯ ಹತ್ತಿರ ನಿಂತೆ. ‘ಇಲ್ಲಿ ಹಾಡುವವರು ಇದ್ದರಂತೆ’ ಎಂದು ಹಿಂದಿಯಲ್ಲಿ ಕೇಳಿದೆ. ‘ಹಾಡುವವರು ಎಲ್ಲಿ ಇರಲ್ಲ ಸಾಹೇಬ್ರೇ? ಕೇಳಿಸಿಕೊಳ್ಳೋ ನೆರೆಯವರು ಬೇಕು’ ಎಂದ ಚಹಾದವನು. ಅವನಿಗೆ ಹೇಗೆ ಗೊತ್ತಾಯಿತೋ, ನನ್ನ ತಲೆಯಲ್ಲಿದ್ದದ್ದೂ ಅದೇ.

ಕಾರಣ ಈಗ ಹೇಳುತ್ತೇನೆ. ನಮ್ಮದು ಒಂಬತ್ತು ಜನರ ಸಣ್ಣ ಗುಂಪು. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಕೋಣೆಯಲ್ಲಿ ಸೇರುತ್ತೇವೆ. ಭಾವಗೀತೆ, ರಂಗಗೀತೆ, ರಾಜ್ಯೋತ್ಸವಕ್ಕೆ ಒಂದು ನಾಟಕ. ಒಂದು ಹಾರ್ಮೋನಿಯಂ, ಒಂದು ತಬಲಾ, ಈಚೆಗೆ ಒಬ್ಬ ಹುಡುಗನ ಗಿಟಾರು. ಬರುವ ತಿಂಗಳಿಂದ ಆ ಕೋಣೆ ಸಿಗುವುದಿಲ್ಲ, ಸದ್ದಿನ ದೂರು ಬಂದಿದೆ ಎಂದು ನಿವಾಸಿಗಳ ಸಂಘದಿಂದ ಕಾಗದ ಬಂತು. ‘ಬಿಡಿ ಅಂಕಲ್, ಆನ್‌ಲೈನ್‌ನಲ್ಲಿ ಪ್ರಾಕ್ಟೀಸ್ ಮಾಡೋಣ’ ಎಂದಳು ಗುಂಪಿನ ಕಿರಿಯ ಹುಡುಗಿ. ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ಅವಳು ವಾರದಲ್ಲಿ ಎರಡು ಗಂಟೆ ಪೂರ್ತಿ ಕನ್ನಡ ಮಾತಾಡುವುದು ಆ ಕೋಣೆಯಲ್ಲಿ ಮಾತ್ರ. ಕೋಣೆ ಹೋದರೆ ಹಾಡಿನ ಜತೆ ಅದೂ ಹೋಗುತ್ತದೆ. ನೆಟ್ಟಿನಲ್ಲಿ ಒಬ್ಬರ ದನಿ ಇನ್ನೊಬ್ಬರಿಗೆ ತಲುಪುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ. ಕೂಡಿ ಹಾಡುವುದು ಆಗದ ಮಾತು.

ಖಜೂರ್ ರೋಡಿನಿಂದ ಹಿಂದಿರುಗಿ ಮತ್ತೆ ಬ್ಲೂ ಲೈನ್ ಹತ್ತಿದೆ. ಝಂಡೇವಾಲಾನ್, ಆರ್‌ಕೆ ಆಶ್ರಮ್, ರಾಜೀವ್ ಚೌಕ್, ಬಾರಾಖಂಬಾ, ಆಮೇಲೆ ಮಂಡಿ ಹೌಸ್. ದಾರಿಯಲ್ಲಿ ಕಿವಿಗೆ ‘ಡೆಸರ್ಟ್ ರೇನ್’ ಹಾಕಿಕೊಂಡೆ. ಇದು ಸ್ಟುಡಿಯೋದಲ್ಲಿ ಮಾಡಿದ್ದಲ್ಲ. 1997ರ ಜನವರಿ 1ರಂದು ದೆಹಲಿಯಲ್ಲಿ ‘ಸಹಮತ್’ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಜನರೆದುರು ನುಡಿಸಿದ್ದನ್ನು ಹಾಗೇ ಹಿಡಿದಿಟ್ಟದ್ದು. ಎರಡನೇ ಸಲ ನುಡಿಸಿ ತಿದ್ದುವ ಅವಕಾಶವಿಲ್ಲ. ಮಾತಿಲ್ಲದ ಆಲಾಪ, ಅದರ ಕೆಳಗೆ ತಬಲಾ, ತಬಲಾದ ಕೆಳಗೆ ಬೇಸ್. ಗಿಟಾರು ಸಿಟ್ಟಾಗುವುದಿಲ್ಲ, ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ಸುತ್ತಿ ಬೆಳೆಸುತ್ತದೆ. ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡುತ್ತಾ ನುಡಿಸಿದ್ದು ಕೇಳುವಾಗಲೇ ತಿಳಿಯುತ್ತದೆ. ಇಂಥ ನಂಬಿಕೆ ಒಂದು ಸಂಜೆಗೆ ಬರುವುದಲ್ಲ, ವರ್ಷಗಟ್ಟಲೆ ಒಟ್ಟಿಗೆ ಕೂತವರಿಗಷ್ಟೇ ಬರುತ್ತದೆ.

ಮಂಡಿ ಹೌಸಿನಲ್ಲಿ ಇಳಿದರೆ ಸಫ್ದರ್ ಹಾಶ್ಮಿ ಮಾರ್ಗ ಹತ್ತಿರವೇ ಇದೆ. 1989ರ ಜನವರಿ 1ರಂದು ಸಾಹಿಬಾಬಾದಿನ ಝಂಡಾಪುರದಲ್ಲಿ ‘ಹಲ್ಲಾ ಬೋಲ್’ ಬೀದಿನಾಟಕ ಆಡುತ್ತಿದ್ದಾಗ ಸಫ್ದರ್ ಅವರ ತಂಡದ ಮೇಲೆ ದಾಳಿಯಾಯಿತು. ಮರುದಿನ ಅವರು ತೀರಿಕೊಂಡರು. ವಯಸ್ಸು 34. ಜನವರಿ 4ರಂದು ಅವರ ಹೆಂಡತಿ ಮಾಲಯಶ್ರೀ ಮತ್ತು ತಂಡದವರು ಅದೇ ಜಾಗಕ್ಕೆ ಹೋಗಿ ಅರ್ಧಕ್ಕೆ ನಿಂತ ನಾಟಕವನ್ನು ಪೂರ್ತಿ ಆಡಿದರು. ಅವರ ಹೆಸರಿನಲ್ಲಿ ಕಟ್ಟಿದ ಸಂಸ್ಥೆಯೇ ಸಹಮತ್. ದಾಳಿ ನಡೆದು ಸರಿಯಾಗಿ ಎಂಟು ವರ್ಷಕ್ಕೆ, ಅದೇ ದಿನ ನುಡಿಸಿದ್ದು ಎಂಬುದನ್ನು ತಿಳಿದು ಕೇಳಿದರೆ ಆ ಆಲ್ಬಮ್ಮು ಬೇರೆಯಾಗಿಯೇ ಕೇಳಿಸುತ್ತದೆ.

ಈ ವೃತ್ತ ನಮಗೂ ಹೊರಗಿನದಲ್ಲ. ಇಲ್ಲಿನ ರಾಷ್ಟ್ರೀಯ ನಾಟಕ ಶಾಲೆಗೆ ಬಿ.ವಿ. ಕಾರಂತರು 1977ರಿಂದ 1981ರವರೆಗೆ ನಿರ್ದೇಶಕರಾಗಿದ್ದರು. ಪಕ್ಕದ ರವೀಂದ್ರ ಭವನದಲ್ಲಿರುವ ಸಂಗೀತ ನಾಟಕ ಅಕಾಡೆಮಿಗೆ ಗಿರೀಶ ಕಾರ್ನಾಡರು 1988ರಿಂದ 1993ರವರೆಗೆ ಅಧ್ಯಕ್ಷರು. ತ್ರಿವೇಣಿಯ ಕ್ಯಾಂಟೀನಿನಲ್ಲಿ ಕೂತು ಇದನ್ನೆಲ್ಲ ನೆನೆಸಿಕೊಂಡೆ. ಇಂಡಿಯನ್ ಓಷನ್ನಿನವರು ಹಾಡಿದ ನುಡಿಗಳ ಪಟ್ಟಿ ನೋಡಿ: ಪ್ರಾರ್ಥನೆಯ ಸಿರಿಯಾಕ್, ನರ್ಮದಾ ಕಣಿವೆಯ ‘ಮಾ ರೇವಾ’, ಕಬೀರನ ‘ಝೀನಿ’. ನರ್ಮದಾ ಬಚಾವೋ ಆಂದೋಲನದಲ್ಲಿ ಓಡಾಡಿದ ರಾಹುಲ್ ರಾಮ್ ಅಲ್ಲಿನ ಹಾಡನ್ನು ತಂಡಕ್ಕೆ ತಂದರು. ಮುಂದೆ ನಮ್ಮ ಕಡೆಯ ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ಕೂರಿಸಿದಾಗ ಕೇಳುಗರು ಹುಬ್ಬೇರಿಸಲಿಲ್ಲ. ರಾಕ್ ಸಂಗೀತ ನಮ್ಮ ಭಾಷೆಗಳಲ್ಲೂ ನಿಲ್ಲುತ್ತದೆ ಎಂದು ಅಷ್ಟು ಹೊತ್ತಿಗೆ ಕಿವಿಗಳಿಗೆ ರೂಢಿಯಾಗಿತ್ತು. ಆ ರೂಢಿ ಮಾಡಿಸಿದವರಲ್ಲಿ ಈ ನಾಲ್ವರೂ ಸೇರುತ್ತಾರೆ.

ಮಂಡಿ ಹೌಸಿನಿಂದ ವಯಲೆಟ್ ಲೈನಿನಲ್ಲಿ ಒಂದೇ ನಿಲ್ದಾಣ ಐಟಿಒ. ಈ ತಂಡದ ಒಂದು ಕೃತಿಯ ಹೆಸರು ‘ಗೋಯಿಂಗ್ ಟು ಐಟಿಒ’. ಇನ್‌ಕಮ್ ಟ್ಯಾಕ್ಸ್ ಆಫೀಸಿನ ಹೆಸರಿನ ಮೂರು ಅಕ್ಷರ ಒಂದು ಚೌಕದ ಹೆಸರಾಗಿ, ಸಂಗೀತದ ಹೆಸರೂ ಆದ ಕತೆ ದೆಹಲಿಯಲ್ಲಿ ಮಾತ್ರ ಸಾಧ್ಯ. ಲಕ್ಷ್ಮೀನಗರದ ದಿನಗಳಲ್ಲಿ ಸೇತುವೆ ದಾಟಿ ಇದೇ ಚೌಕದ ಸಿಗ್ನಲ್ಲಿನಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಲ್ಲುತ್ತಿತ್ತು. ಬಾಗಿಲಿಗೆ ಜೋತುಬಿದ್ದು ಬೆವರೊರೆಸಿಕೊಳ್ಳುವವನಿಗೆ, ಈ ಜಾಗದ ಮೇಲೂ ಯಾರೋ ಸಂಗೀತ ಕಟ್ಟಿದ್ದಾರೆ ಎಂಬುದೇ ಒಂದು ಸಮಾಧಾನ. ಪರಊರು ಅಲ್ಲಿಂದಾಚೆಗೆ ಸ್ವಲ್ಪ ನನ್ನದಾಯಿತು.

ಅಸೀಮ್ ಚಕ್ರವರ್ತಿಯವರು 2009ರ ಡಿಸೆಂಬರ್ 25ರಂದು ಹೃದಯಾಘಾತದಿಂದ ತೀರಿಕೊಂಡರು. ಖಜೂರ್ ರೋಡಿನ ಹೆಸರಿನ ಆಲ್ಬಮ್ಮಿನಲ್ಲಿರುವ ಅವರ ದನಿಯನ್ನು ಜನ ಕೇಳಿದ್ದು ಅವರು ಹೋದ ಮೇಲೆ. 2013ರಲ್ಲಿ ಸುಸ್ಮಿತ್ ಸೆನ್ ತಂಡ ಬಿಟ್ಟರು. ತಂಡ ಈಗಲೂ ಇದೆ, ಹೊಸಬರೊಂದಿಗೆ ಹಾಡುತ್ತಿದೆ. ಆ ನಾಲ್ವರು ಒಟ್ಟಿಗಿದ್ದದ್ದು ಮಾತ್ರ ಈಗ ಧ್ವನಿಮುದ್ರಿಕೆಗಳಲ್ಲಷ್ಟೇ ಸಿಗುವುದು. ಹಾಗಾಗಿಯೇ ಮರೆತ ಆಲ್ಬಮ್ಮುಗಳನ್ನು ಹುಡುಕಿ ಕೇಳಬೇಕು. ಕೇಳುವವರಿಗೆ ನನ್ನ ಸಲಹೆ: ‘ಡೆಸರ್ಟ್ ರೇನ್’ನಿಂದ ಶುರುಮಾಡಿ, ಅಲ್ಲಿಂದ ‘ಕಂದೀಸಾ’ಕ್ಕೆ ಬನ್ನಿ. ಅದರಲ್ಲಿರುವ ‘ಲೀವಿಂಗ್ ಹೋಮ್’ ಬಂದಾಗ ಬೇರೆ ಕೆಲಸ ಬಿಟ್ಟು ಕೂತು ಕೇಳಿ. ಮನೆ ಬಿಟ್ಟು ಬಂದ ನಮಗೆ ಅದರ ಅರ್ಥ ಯಾರೂ ವಿವರಿಸಬೇಕಿಲ್ಲ.

ಸೋಮವಾರ ಸಂಘಕ್ಕೆ ಕಾಗದ ಬರೆದೆ. ಭಾನುವಾರ ಐದರಿಂದ ಏಳು, ಕಿಟಕಿ ಮುಚ್ಚಿ, ಮೈಕಿಲ್ಲದೆ. ದೂರು ಕೊಟ್ಟವರ ಮಗುವಿಗೆ ಪರೀಕ್ಷೆ ಇರುವ ವಾರ ನಾವೇ ರಜೆ ಮಾಡುತ್ತೇವೆ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಗುಂಪಿನ ಒಬ್ಬರು ತಮ್ಮ ಸೀರೆ ಗೋದಾಮಿನ ಮೇಲಂತಸ್ತನ್ನು ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಫ್ಯಾನಿಲ್ಲ, ಮೆಟ್ಟಿಲು ಕಡಿದು. ಬಟ್ಟೆಯ ಗಂಟುಗಳು ಸದ್ದನ್ನು ಚೆನ್ನಾಗಿ ಹೀರುತ್ತವೆ ಎಂದು ಗಿಟಾರಿನ ಹುಡುಗ ಖುಷಿಯಾಗಿದ್ದಾನೆ. ರಾಜ್ಯೋತ್ಸವಕ್ಕೆ ಇನ್ನು ಏಳು ಭಾನುವಾರ ಇವೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದಿನಲ್ಲಿರುವ ನೀವು ಎಲ್ಲಿ ತಾಲೀಮು ಮಾಡುತ್ತೀರಿ, ಕೋಣೆ ಹೇಗೆ ಗಿಟ್ಟಿಸಿದಿರಿ ಎಂದು ಪತ್ರಿಕೆಗೆ ಬರೆದು ತಿಳಿಸಿ. ನಮಗೂ ಉಪಯೋಗಕ್ಕೆ ಬಂದೀತು.