ಹೊರಟರೆ ಮರಳಿ ಬಾರದ ಕುದುರೆಗಳು

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್ ನಗರದ ಪೂರ್ವದ ಅಂಚಿನಲ್ಲಿ ವೀದಿದಾಲೂರ್ ಎಂಬ ಬಯಲುಂಟು. ಹೆಸರಿನ ಅರ್ಥ ‘ವಿಲೋ ಗಿಡಗಳ ಕಣಿವೆ’ ಎಂದು. ಸಮೀಪದಲ್ಲೇ ಸಾಲ್ಮನ್ ಮೀನಿಗೆ ಹೆಸರಾದ ಎಲ್ಲಿದಾರ್ ಹೊಳೆ ಹರಿಯುತ್ತದೆ. ಬಯಲಿನಲ್ಲಿ ಮನೆಗಳ ಹಾಗೆ ಸಾಲಾಗಿ ಕಟ್ಟಿದ ಕುದುರೆ ಲಾಯಗಳು, ಸವಾರಿಗೆಂದೇ ಮಾಡಿದ ದಾರಿಗಳು, ಅಂಡಾಕಾರದ ಪಥಗಳು, ಚಳಿಗಾಲಕ್ಕೆಂದು ಮಾಡು ಹೊದಿಸಿದ ದೊಡ್ಡದೊಂದು ಅಂಗಣ. ಇದು ಜೂಜಿನ ರೇಸ್ ಮೈದಾನವಲ್ಲ. ‘ಫಾಕೂರ್’ ಎಂಬ ಸವಾರರ ಸಂಘದ ನೆಲೆ. ಫಾಕೂರ್ ಎಂದರೆ ಅಲ್ಲಿನ ಭಾಷೆಯಲ್ಲಿ ತುರಗ. 1922ರಲ್ಲಿ ಹುಟ್ಟಿದ ಇದು ಆ ದೇಶದ ಮೊಟ್ಟಮೊದಲ ಕುದುರೆ ಸಂಘ.

ಐಸ್‌ಲ್ಯಾಂಡ್ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ದೊಡ್ಡದು. ಜನಸಂಖ್ಯೆ ಮಾತ್ರ ನಾಲ್ಕು ಲಕ್ಷಕ್ಕೂ ಕಡಿಮೆ. ಇಷ್ಟು ಸಣ್ಣ ಜನಸಮುದಾಯದಲ್ಲಿ ಊರೂರಿಗೆ ಹಂಚಿಹೋದ ಸುಮಾರು ನಲವತ್ತು ಕುದುರೆ ಸಂಘಗಳಿವೆ. ಅವೆಲ್ಲವನ್ನೂ ಒಂದುಗೂಡಿಸುವ ರಾಷ್ಟ್ರೀಯ ಒಕ್ಕೂಟ 1949ರಲ್ಲಿ ಸ್ಥಾಪನೆಯಾಯಿತು. ಇದಕ್ಕೆ ಕಾರಣವೂ ಇಲ್ಲದಿಲ್ಲ. ರಸ್ತೆ, ಸೇತುವೆಗಳಿಲ್ಲದ ಕಾಲದಲ್ಲಿ ಹೊಳೆ ದಾಟಲು, ಹೊರೆ ಸಾಗಿಸಲು, ವೈದ್ಯರನ್ನು ಕರೆತರಲು ಕುದುರೆಯೇ ಗತಿ. ‘ಅತ್ಯಂತ ಉಪಯುಕ್ತ ಸೇವಕ’ ಎಂದೇ ಜನ ಅದನ್ನು ಕರೆಯುತ್ತಿದ್ದರು. ಮೋಟಾರು ವಾಹನ ಬಂದ ಮೇಲೆ ಸೇವಕನಿಗೆ ಕೆಲಸ ತಪ್ಪಿತು. ಕೆಲಸ ತಪ್ಪಿದ ಪ್ರಾಣಿ ಎಷ್ಟು ದಿನ ಉಳಿದೀತು? ಅದನ್ನು ಉಳಿಸಿಕೊಳ್ಳಲು ಹೊಸದೊಂದು ಕಾರಣವನ್ನು ಒದಗಿಸಿದವುಗಳಲ್ಲಿ ಈ ಸಂಘಗಳು ಮುಖ್ಯವಾದವು.

ತಕಧಿಮಿ ನಡೆ

ಉಳಿಸಿಕೊಳ್ಳುವಂಥದ್ದು ಏನಿತ್ತು? ಕುದುರೆಗಳಿಗೆ ಸಾಮಾನ್ಯವಾಗಿ ಮೂರು ಬಗೆಯ ಗತಿ: ನಿಧಾನದ ನಡಿಗೆ, ಕುಕ್ಕುಲೋಟ, ನಾಗಾಲೋಟ. ಐಸ್‌ಲ್ಯಾಂಡಿನ ಕುದುರೆಗೆ ಇವುಗಳ ಜೊತೆಗೆ ಇನ್ನೆರಡು ಉಂಟು. ಒಂದು ‘ಟೋಲ್ಟ್’, ಇನ್ನೊಂದು ‘ಸ್ಕೇದ್’.

ಕುಕ್ಕುಲೋಟದಲ್ಲಿ ಕುದುರೆ ಓರೆಯಾಗಿ ಎದುರುಬದುರಿರುವ ಎರಡು ಕಾಲುಗಳನ್ನು ಒಟ್ಟಿಗೆ ಊರುತ್ತದೆ. ನಡುವೆ ನಾಲ್ಕೂ ಕಾಲು ಗಾಳಿಯಲ್ಲಿರುವ ಕ್ಷಣವೊಂದು ಬರುತ್ತದೆ. ಹಾಗಾಗಿಯೇ ಸವಾರನ ಬೆನ್ನಿಗೆ ಕುಕ್ಕು. ಟೋಲ್ಟ್‌ನಲ್ಲಿ ಹಾಗಲ್ಲ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಹೀಗೆ ಒಂದೊಂದಾಗಿ, ಸಮ ಅಂತರದಲ್ಲಿ ನೆಲ ಮುಟ್ಟುತ್ತವೆ. ಮೃದಂಗದ ತ-ಕ-ಧಿ-ಮಿ ಇದ್ದ ಹಾಗೆ. ನಿಧಾನದ ನಡಿಗೆಯಲ್ಲೂ ಕ್ರಮ ಇದೇ. ಆದರೆ ನಡಿಗೆಯಲ್ಲಿ ಎರಡು ಮೂರು ಗೊರಸುಗಳು ನೆಲದ ಮೇಲಿದ್ದರೆ ಟೋಲ್ಟ್‌ನಲ್ಲಿ ಒಂದು ಅಥವಾ ಎರಡು ಮಾತ್ರ. ವೇಗ ಎಷ್ಟೇ ಏರಿದರೂ ಒಂದಾದರೂ ಗೊರಸು ನೆಲ ಬಿಡುವುದಿಲ್ಲವಾದ್ದರಿಂದ ಸವಾರನ ಮೈ ಕುಲುಕುವುದಿಲ್ಲ. ಕೈಯಲ್ಲಿ ತುಂಬಿದ ಗ್ಲಾಸು ಹಿಡಿದು ಹನಿ ಚೆಲ್ಲದಂತೆ ಸವಾರಿ ಮಾಡಿ ತೋರಿಸುವುದು ಅಲ್ಲಿನ ಮೆಚ್ಚಿನ ಪ್ರದರ್ಶನ.

ಸ್ಕೇದ್ ಎಂಬುದು ಒಂದೇ ಮಗ್ಗುಲಿನ ಎರಡೂ ಕಾಲುಗಳನ್ನು ಜೊತೆಗೂಡಿಸಿ ಹಾರಿದಂತೆ ಓಡುವ ಗತಿ. ಒಂಟೆಯ ನಡಿಗೆಯಲ್ಲೂ ಒಂದು ಮಗ್ಗುಲಿನ ಕಾಲುಗಳು ಜೊತೆಯಾಗಿ ಚಲಿಸುವುದನ್ನು ನೋಡಬಹುದು. ಓಡುತ್ತಲೇ ಗೆರೆ ದಾಟಿ ಬರುವ 100 ಮೀಟರು ಸ್ಕೇದ್ ಪಂದ್ಯವನ್ನು ಒಳ್ಳೆಯ ಕುದುರೆ ಏಳೂವರೆ ಸೆಕೆಂಡಿನಲ್ಲಿ ಮುಗಿಸಿತೆಂದರೆ ಅದರ ವೇಗ ಗಂಟೆಗೆ 48 ಕಿಲೋಮೀಟರು. ಭುಜದವರೆಗೆ 140 ಸೆಂಟಿಮೀಟರು ಆಸುಪಾಸಿನ ಎತ್ತರವಿರುವ ಗಿಡ್ಡ ಪ್ರಾಣಿಗೆ ಇದು ಸಾಮಾನ್ಯ ಸಾಧನೆಯಲ್ಲ.

ಕುದುರೆಯ ನಡೆಗಳನ್ನು ಎಣಿಸುವ ಹವ್ಯಾಸ ನಮಗೂ ಹಳೆಯದೇ. ಅಮರಕೋಶ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಐದು ಗತಿಗಳನ್ನು ಹೇಳಿ ಅವುಗಳನ್ನು ‘ಧಾರೆ’ಗಳೆಂದು ಕರೆಯುತ್ತದೆ. ರಾಜಸ್ಥಾನದ ಮಾರ್ವಾಡಿ ತಳಿಯ ಕೆಲವು ಕುದುರೆಗಳಲ್ಲಿ ‘ರೇವಾಲ್’ ಎಂಬ ಕುಲುಕಿಲ್ಲದ ನಡೆ ಇಂದಿಗೂ ಇದೆ.

ಸಂಘದ ಒಂದು ವರ್ಷ

ಶರತ್ಕಾಲದಲ್ಲಿ ಕುದುರೆಗಳ ಲಾಳ ಕಳಚಿ ಬಯಲಿಗೆ ಬಿಡುತ್ತಾರೆ. ಅದು ಅವುಗಳ ರಜೆ. ಡಿಸೆಂಬರು, ಜನವರಿಯ ಹೊತ್ತಿಗೆ ಲಾಯಕ್ಕೆ ತಂದು ಮತ್ತೆ ಲಾಳ ಕಟ್ಟುತ್ತಾರೆ. ಆಗ ರೇಕ್ಯಾವಿಕ್‌ನಲ್ಲಿ ಹಗಲೆಂಬುದು ನಾಲ್ಕೈದು ಗಂಟೆ ಅಷ್ಟೆ. ಶಾಲೆ ಬಿಡುವ ವೇಳೆಗೆ ಕತ್ತಲು. ದೀಪ ಹೊತ್ತಿಸಿದ ಒಳಾಂಗಣದಲ್ಲಿ ಮಕ್ಕಳ ತರಗತಿಗಳು ನಡೆಯುತ್ತವೆ. ಹಿಮ ಕರಗಿ ಹಗಲು ಬೆಳೆದಂತೆ ಸಂಘದ ಸ್ಪರ್ಧೆಗಳು, ಒಟ್ಟಾಗಿ ಹೋಗುವ ದೂರದ ಸವಾರಿಗಳು ಒಂದರ ಹಿಂದೊಂದು ಬರುತ್ತವೆ. ಊರಿನ ಅಂಗಡಿ, ಕಾರ್ಖಾನೆಗಳು ಒಬ್ಬೊಬ್ಬ ಸವಾರನಿಗೆ ಪ್ರಾಯೋಜಕರಾಗುವ ಸ್ಪರ್ಧೆಯೂ ಉಂಟು. ಸಂಘದ ಬೊಕ್ಕಸ ತುಂಬುವುದು ಇಂಥವುಗಳಿಂದ.

ಮಕ್ಕಳ ಕಲಿಕೆಗೆ ಐದು ಮೆಟ್ಟಿಲುಗಳ ಪಠ್ಯಕ್ರಮವಿದೆ. ಸವಾರಿಯಷ್ಟೇ ಅಲ್ಲದೆ ಕುದುರೆಯ ಆಹಾರ, ಆರೈಕೆ, ಸ್ವಭಾವಗಳ ಪಾಠವೂ ಇದ್ದು, ಪ್ರತಿ ಮೆಟ್ಟಿಲಿಗೂ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ ಉಂಟು. ಇದರಲ್ಲಿ ಮುಂದುವರಿಯಬಯಸುವವರಿಗೆ ಉತ್ತರದ ಹೋಲಾರ್ ವಿಶ್ವವಿದ್ಯಾಲಯದಲ್ಲಿ ಸವಾರಿ ಹಾಗೂ ಸವಾರಿ ಶಿಕ್ಷಣದ ಪದವಿ ತರಗತಿಯೇ ಇದೆ. ಸ್ಪರ್ಧೆಗಳಲ್ಲಿ 10ರಿಂದ 13 ವರ್ಷದವರದು ಮಕ್ಕಳ ವಿಭಾಗ, 14ರಿಂದ 17ರವರೆಗೆ ಕಿಶೋರ ವಿಭಾಗ, ಆಮೇಲೆ 21ರವರೆಗೆ ಯುವ ವಿಭಾಗ. ಗತಿಗಳ ಸ್ಪರ್ಧೆಯಲ್ಲಿ ವೇಗವೊಂದೇ ಮುಖ್ಯವಲ್ಲ. ತಾಳ ತಪ್ಪಲಿಲ್ಲವೇ, ಕುದುರೆ ಒತ್ತಾಯವಿಲ್ಲದೆ ಚಲಿಸಿತೇ ಎಂಬುದನ್ನು ನೋಡಿ ತೀರ್ಪುಗಾರರು ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ.

ಎಲ್ಲ ಸಂಘಗಳ ಕಣ್ಣೂ ನೆಟ್ಟಿರುವುದು ‘ಲಾಂಡ್ಸ್‌ಮೋಟ್’ ಎಂಬ ರಾಷ್ಟ್ರೀಯ ಮೇಳದ ಮೇಲೆ. ಮೊದಲನೆಯದು 1950ರಲ್ಲಿ ಥಿಂಗ್ವೆಟ್ಲಿರ್‌ನಲ್ಲಿ ನಡೆಯಿತು. ಕ್ರಿ.ಶ. 930ರಲ್ಲಿ ಆ ದೇಶದ ಜನಸಭೆ ಮೊದಲು ಸೇರಿದ ಸ್ಥಳವದು. ಈಗ ಎರಡು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಮೇಳ ಕೂಡುತ್ತದೆ. 2024ರಲ್ಲಿ ವೀದಿದಾಲೂರ್‌ನಲ್ಲೇ ಸೇರಿತ್ತು. ಯಾವ ಸಂಘದಿಂದ ಎಷ್ಟು ಕುದುರೆ ಎಂಬುದು ಆಯಾ ಸಂಘದ ಸದಸ್ಯರ ಸಂಖ್ಯೆಯನ್ನು ಅನುಸರಿಸಿ ನಿಶ್ಚಯವಾಗುತ್ತದೆ.

ಒಂದೇ ಅಕ್ಷರದ ವ್ಯತ್ಯಾಸ

ಈ ಹೆಚ್ಚುವರಿ ಗತಿಗಳ ಗುಟ್ಟು ಬಹುಮಟ್ಟಿಗೆ ಬಯಲಾದದ್ದು 2012ರಲ್ಲಿ. ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು ಮುಂದಾಳುಗಳಾಗಿದ್ದ ತಂಡವೊಂದು ‘ನೇಚರ್’ ಪತ್ರಿಕೆಯಲ್ಲಿ ತನ್ನ ಶೋಧವನ್ನು ಪ್ರಕಟಿಸಿತು. ಡಿಎಂಆರ್‌ಟಿ3 ಎಂಬ ಜೀನಿನಲ್ಲಿ ‘ಸಿ’ ಇರಬೇಕಾದ ಒಂದು ಕಡೆ ‘ಎ’ ಬಂದಿದೆ. ಅಷ್ಟರಿಂದಲೇ ಆ ಜೀನು ತಯಾರಿಸಬೇಕಾದ ಪ್ರೋಟೀನು ನಡುವೆಯೇ ತುಂಡಾಗುತ್ತದೆ. ಈ ಪ್ರೋಟೀನು ಇರುವುದು ಬೆನ್ನುಹುರಿಯಲ್ಲಿ ಕಾಲುಗಳ ಚಲನೆಯನ್ನು ಹೊಂದಿಸುವ ನರಕೋಶಗಳಲ್ಲಿ. ತಂದೆ ತಾಯಿ ಇಬ್ಬರಿಂದಲೂ ಈ ಬದಲಾದ ಜೀನು ಬಂದ ಕುದುರೆಗೆ ಸ್ಕೇದ್ ಸಾಧ್ಯವಾಗುತ್ತದೆ. ಒಬ್ಬರಿಂದ ಮಾತ್ರ ಬಂದಿದ್ದರೆ ಹೆಚ್ಚಾಗಿ ಟೋಲ್ಟ್‌ವರೆಗೆ ನಿಲ್ಲುತ್ತದೆ. ಹಾಗೆಂದು ಜೀನೇ ಎಲ್ಲವೂ ಅಲ್ಲ. ತಾಳ ಶುದ್ಧವಾಗಲು ತಾಳ್ಮೆಯ ತರಬೇತಿ ಬೇಕೇ ಬೇಕು.

2016ರಲ್ಲಿ ಹಳೆಯ ಮೂಳೆಗಳನ್ನು ಪರೀಕ್ಷಿಸಿದ ಇನ್ನೊಂದು ತಂಡ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸಿಕ್ಕ, ಕ್ರಿ.ಶ. 850ರಿಂದ 900ರ ನಡುವಿನ ಕುದುರೆಗಳಲ್ಲಿ ಈ ಬದಲಾವಣೆಯನ್ನು ಕಂಡಿತು. ಅಲ್ಲಿಂದ ನಾವಿಕರು ಇದನ್ನು ಐಸ್‌ಲ್ಯಾಂಡಿಗೆ ಒಯ್ದಿರಬೇಕೆಂದು ಅವರ ಊಹೆ.

ಹೊರಕ್ಕಷ್ಟೇ ತೆರೆಯುವ ಬಾಗಿಲು

ದ್ವೀಪಕ್ಕೆ ಹೀಗೆ ಬಂದ ತಳಿ ಸುಮಾರು ಸಾವಿರ ವರ್ಷ ಬೇರೆ ತಳಿಗಳೊಡನೆ ಬೆರೆಯದೆ ಉಳಿಯಿತು. ಈಗಲೂ ಐಸ್‌ಲ್ಯಾಂಡಿಗೆ ಹೊರಗಿನ ಕುದುರೆ ತರುವುದಕ್ಕೆ ಕಾನೂನಿನ ಅಡ್ಡಿಯಿದೆ. ಅಷ್ಟೇ ಅಲ್ಲ, ಅಲ್ಲೇ ಹುಟ್ಟಿ ಬೆಳೆದ ಕುದುರೆಯಾದರೂ ಒಮ್ಮೆ ದೇಶ ಬಿಟ್ಟರೆ ಮರಳಿ ಬರುವಂತಿಲ್ಲ. ಬೇರೆ ಕಡೆಯ ಕುದುರೆಗಳಲ್ಲಿರುವ ಹಲವು ರೋಗಗಳು ಅಲ್ಲಿಲ್ಲ. ಆದ್ದರಿಂದ ಅವುಗಳನ್ನು ಎದುರಿಸುವ ಶಕ್ತಿಯೂ ಆ ಕುದುರೆಗಳಿಗಿಲ್ಲ. ಬಳಸಿದ ಜೀನು, ಲಗಾಮುಗಳನ್ನು ಪ್ರವಾಸಿಗಳು ಒಯ್ಯುವುದಕ್ಕೂ ನಿಷೇಧವಿದೆ.

ಈ ಕಟ್ಟಳೆಯ ಬಿಸಿ ಹೆಚ್ಚು ತಟ್ಟುವುದು ಒಳ್ಳೆಯ ಸವಾರರಿಗೆ. ಐಸ್‌ಲ್ಯಾಂಡ್ ತಳಿಯ ವಿಶ್ವ ಸ್ಪರ್ಧೆ ಎರಡು ವರ್ಷಕ್ಕೊಮ್ಮೆ ಯುರೋಪಿನ ಇತರ ದೇಶಗಳಲ್ಲಿ ನಡೆಯುತ್ತದೆ. 2023ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ನಡೆಯಿತು. ತವರಿನಿಂದ ಕುದುರೆಯನ್ನು ಅಲ್ಲಿಗೆ ಒಯ್ದ ಸವಾರ ಗೆದ್ದರೂ ಸೋತರೂ ಅದನ್ನು ಹೊರಗೇ ಬಿಟ್ಟು ಬರಬೇಕು. ವರ್ಷಗಟ್ಟಲೆ ಪಳಗಿಸಿದ ಕುದುರೆ ಪದಕ ತಂದುಕೊಟ್ಟ ದಿನವೇ ಅದಕ್ಕೆ ವಿದಾಯ ಹೇಳಬೇಕಾದೀತು. ಕೆಲವರು ಹೋಗುತ್ತಾರೆ, ಕೆಲವರು ಆ ಕುದುರೆಗಾಗಿಯೇ ಉಳಿಯುತ್ತಾರೆ. ಎರಡೂ ಸುಲಭದ ನಿರ್ಧಾರವಲ್ಲ.

ಬಾಗಿಲು ಇಷ್ಟು ಬಿಗಿಯೇಕೆ ಎಂದು ಕೇಳುವವರಿಗೆ 2010ನೆಯ ವರ್ಷ ಉತ್ತರ ಕೊಟ್ಟಿತು. ಆ ವಸಂತದಲ್ಲಿ ಕುದುರೆಗಳು ಕೆಮ್ಮತೊಡಗಿದವು. ಕೆಲವೇ ತಿಂಗಳಲ್ಲಿ ದೇಶದ ಸುಮಾರು 77,000 ಕುದುರೆಗಳಲ್ಲಿ ಹೆಚ್ಚುಕಡಿಮೆ ಎಲ್ಲವಕ್ಕೂ ಸೋಂಕು ತಗುಲಿತು. ಸತ್ತವು ಕಡಿಮೆ. ಆದರೆ ವಾರಗಟ್ಟಲೆ ಸವಾರಿ ಇಲ್ಲ, ತರಬೇತಿ ಇಲ್ಲ, ರಫ್ತು ಇಲ್ಲ. ಮೊದಲು ವೈರಸ್ ಎಂದು ಶಂಕಿಸಿದರು. ಕೊನೆಗೆ ಸ್ಟ್ರೆಪ್ಟೊಕಾಕಸ್ ಜಾತಿಯ ಒಂದು ಬ್ಯಾಕ್ಟೀರಿಯ ಎಂದು ತಿಳಿಯಿತು. ಹಲವು ಊರುಗಳ ಕುದುರೆಗಳು ಬಂದು ಹೋಗುತ್ತಿದ್ದ ತರಬೇತಿ ಕೇಂದ್ರವೊಂದರಲ್ಲಿ, ಎಲ್ಲವೂ ಒಂದೇ ನೀರಿನಲ್ಲಿ ನಡೆಯುವ ಯಂತ್ರದ ತೊಟ್ಟಿಯಿಂದ ರೋಗ ಹರಡಿತ್ತೆಂಬುದನ್ನು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಆ ಬೇಸಿಗೆಯ ಲಾಂಡ್ಸ್‌ಮೋಟ್ ರದ್ದಾಗಿ ಮರುವರ್ಷ ಉತ್ತರದ ವಿಂಡ್‌ಹೈಮಾಮೇಲಾರ್‌ನಲ್ಲಿ ನಡೆಯಿತು. ದೊಡ್ಡವರಿಗೆ ಅದು ಒಂದು ವರ್ಷ ಮುಂದೂಡಿದ ಮೇಳ. ಆದರೆ 2010ರಲ್ಲಿ 13 ವರ್ಷದವರಾಗಿದ್ದ ಮಕ್ಕಳು ಮರುವರ್ಷ ಹೊತ್ತಿಗೆ ಮೇಲಿನ ವಿಭಾಗಕ್ಕೆ ಸೇರಿದ್ದರು. ಮಕ್ಕಳ ವಿಭಾಗದಲ್ಲಿ ಅವರ ಕಡೆಯ ಅವಕಾಶ ಮತ್ತೆ ಬರಲೇ ಇಲ್ಲ. ಹತ್ತು ವರ್ಷದ ನಂತರ, 2020ರಲ್ಲಿ, ಕೋವಿಡ್‌ನಿಂದಾಗಿ ಮೇಳ ಮತ್ತೊಮ್ಮೆ ನಿಂತಿತು. ಈ ಸಲ ಮನೆಯೊಳಗೆ ಇರಬೇಕಾಗಿ ಬಂದದ್ದು ಮನುಷ್ಯರಿಗೆ.

ಐಸ್‌ಲ್ಯಾಂಡಿನ ಕುದುರೆ ತನ್ನ ಐದು ಗತಿಗಳನ್ನು ಉಳಿಸಿಕೊಂಡದ್ದು ಒಂಟಿತನದಿಂದ. ಒಂದೇ ಕೆಮ್ಮಿಗೆ ದೇಶದ ಕುದುರೆಗಳೆಲ್ಲ ತುತ್ತಾಗುವುದೂ ಅದೇ ಒಂಟಿತನದಿಂದ. ಊರ ಸಂಘಕ್ಕೆ ಸೇರುವ ಹತ್ತು ವರ್ಷದ ಮಗು ಟೋಲ್ಟ್‌ನ ತಾಳದ ಜೊತೆಗೆ ಇದನ್ನೂ ಅರಿಯುತ್ತದೆ. ಕುದುರೆ ಕೆಮ್ಮಿದರೆ ಸ್ಪರ್ಧೆ ಎಷ್ಟೇ ದೊಡ್ಡದಿರಲಿ, ಅದನ್ನು ಲಾಯದಲ್ಲೇ ಬಿಡಬೇಕು. ಹೊರದೇಶದ ಕುದುರೆಯನ್ನು ಮುಟ್ಟಿ ಬಂದರೆ ಅದೇ ಬೂಟು, ಅದೇ ಬಟ್ಟೆಯಲ್ಲಿ ತನ್ನ ಲಾಯಕ್ಕೆ ಕಾಲಿಡಬಾರದು. ಪರೀಕ್ಷೆಯಲ್ಲಿ ಇದಕ್ಕೆ ಎಷ್ಟು ಅಂಕವೋ, ಆ ದೇಶದ ಕುದುರೆಗಳ ಕ್ಷೇಮ ಮಾತ್ರ ಇದರ ಮೇಲೆಯೇ ನಿಂತಿದೆ.