ಅರಗು, ಸರೇಸು ಮತ್ತು ಹಸಿರು ಚುಕ್ಕೆ

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಕೇಳಬಾರದೆಂದು ಹೇಳಿಕೊಟ್ಟ ಸಮಾಜವೇ ತಟ್ಟೆಗೆ ಬಂದ ಪದಾರ್ಥದ ಮೂಲವನ್ನು ಮಾತ್ರ ಬಿಡದೆ ಕೇಳುತ್ತ ಬಂದಿದೆ. ಧಾರವಾಡ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಬಯಲು ಮುಗಿದು ದಾಂಡೇಲಿಯ ಕಾಡು ಮೊದಲಾಗುವಲ್ಲಿ, ರೈಲು ಹಳಿ ಕವಲೊಡೆಯುವ ಅಳ್ನಾವರದಂಥ ಊರಿನಲ್ಲಿ ‘ಸಸ್ಯಾಹಾರಿ’ ಎಂಬ ಶಬ್ದ ಪುಸ್ತಕದ್ದು. ಆಡುಮಾತಿನಲ್ಲಿ ‘ನಾವು ತಿನ್ನಂಗಿಲ್ಲ’ ಎಂದಷ್ಟೇ ಹೇಳಿದರೆ ಏನನ್ನು ಎಂಬುದು ಕೇಳಿದವರಿಗೆ ತಿಳಿಯುತ್ತದೆ. ಹೀಗೆ ಕರ್ಮಪದವನ್ನೇ ನುಂಗಿದ ಈ ವಾಕ್ಯ ಎಲ್ಲ ಮನೆಗಳಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ಲಿಂಗಾಯತ ಮನೆಯಲ್ಲಿ ಪದಾರ್ಥವು ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗಬೇಕು. ಜೈನರ ಮನೆಯಲ್ಲಿ ಅದು ಭಕ್ಷ್ಯ-ಅಭಕ್ಷ್ಯ, ಅಂದರೆ ತಿನ್ನತಕ್ಕದ್ದು ಮತ್ತು ತಿನ್ನಬಾರದ್ದು ಎಂಬ ವಿಂಗಡಣೆಯನ್ನು ದಾಟಿ ಬರಬೇಕು, ಮತ್ತು ಆ ವಿಂಗಡಣೆಯಲ್ಲಿ ಮದ್ಯ ಮಾಂಸಗಳ ಸಾಲಿನಲ್ಲೇ ಜೇನುತುಪ್ಪವೂ ನಿಲ್ಲುತ್ತದೆ. ವೈದಿಕರ ಮನೆಯಲ್ಲಿ ಅದೇ ಜೇನು ಪಂಚಾಮೃತದ ಒಂದು ಅಂಗ.

ಈ ಮೂರೂ ಮನೆಗಳ ಮಕ್ಕಳ ಕೈಗೆ ಶಾಲೆಯಲ್ಲಿ ಹುಟ್ಟುಹಬ್ಬದ ದಿನ ಬೀಳುವ ಸಿಹಿ ಒಂದೇ, ಅದು ಚಾಕಲೇಟು. ಕನ್ನಡದಲ್ಲಿ ಈ ಹೆಸರು ಕೋಕೋ ಸೋಂಕದ ಸಕ್ಕರೆ ಗುಳಿಗೆಗೂ, ಹಣ್ಣಿನ ವಾಸನೆಯ ಜೆಲ್ಲಿಗೂ, ಹಲ್ಲಿಗಂಟುವ ಟಾಫಿಗೂ ಸಮನಾಗಿ ಸಲ್ಲುವುದರಿಂದ ಅನುಮಾನವೂ ಎಲ್ಲಕ್ಕೂ ಸಮನಾಗಿ ಹಂಚಿಹೋಗಿದೆ, ಇದು ನಿಜವಾದ ಚಾಕಲೇಟಿಗೆ ಆದ ಅನ್ಯಾಯ. ಅಡಿಕೆ ಮತ್ತು ಕೋಕೋ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಚಾಕಲೇಟು ಕರ್ನಾಟಕದ ಮಟ್ಟಿಗೆ ಮನೆಯ ಬೆಳೆಯೇ ಆಯಿತು. ಕೋಕೋ ಬೀಜವನ್ನು ಹುದುಗಿಸಿ, ಒಣಗಿಸಿ, ಹುರಿದು, ಅರೆದು, ಸಕ್ಕರೆ ಮತ್ತು ಹಾಲಿನ ಪುಡಿ ಕೂಡಿಸಿದರೆ ಅದರ ಬಹುಪಾಲು ಮುಗಿಯಿತು. ಅದರೊಳಗಿನ ‘ಕೋಕೋ ಬೆಣ್ಣೆ’ಗೆ ಹೆಸರಷ್ಟೇ ಬೆಣ್ಣೆ, ಅದು ಬೀಜದಿಂದ ಹಿಂಡಿದ ಜಿಡ್ಡು. ಹೀಗಾಗಿ ಅನುಮಾನ ಪಡಬೇಕಾದದ್ದು ಚಾಕಲೇಟನ್ನಲ್ಲ, ಅದರ ಹೊಟ್ಟೆಯೊಳಗಿನ ಹೂರಣವನ್ನು ಮತ್ತು ಮೈಮೇಲಿನ ಹೊಳಪನ್ನು.

ಹೊಟ್ಟೆಯೊಳಗೆ ಅಡಗುವ ಮುಖ್ಯ ವಸ್ತು ಜೆಲಟಿನ್. ದನ, ಹಂದಿ ಮೊದಲಾದ ಪ್ರಾಣಿಗಳ ತೊಗಲು ಎಲುಬುಗಳನ್ನು ಹದಮಾಡಿ ಬಿಸಿನೀರಿನಲ್ಲಿ ಬೇಯಿಸಿದಾಗ ಬಿಟ್ಟುಕೊಳ್ಳುವ ಈ ಪ್ರೋಟೀನು ಆರಿದ ಮೇಲೆ ಅಲುಗಾಡುವ ಮುದ್ದೆಯಾಗಿ ನಿಲ್ಲುವುದರಿಂದ ಜೆಲ್ಲಿಗೂ ಮಾರ್ಷ್‌ಮೆಲ್ಲೋ ಎಂಬ ಹತ್ತಿಯಂಥ ಮಿಠಾಯಿಗೂ ಅದೇ ಆಧಾರ. ಹೆಸರು ಹೊಸದಾದರೂ ಅದರ ನೆಂಟಸ್ತನ ಹಳೆಯದು: ಬಡಿಗೇರರು ಮರದ ಸಂದು ಕೂಡಿಸಲು ಕಾಸುತ್ತಿದ್ದ ಸರೇಸು ಇದೇ ಕುಲದ ಒರಟು ಅಣ್ಣ. ಸರೇಸು ಕಾಸುವಾಗ ಮೂಗು ಮುಚ್ಚಿಕೊಂಡವರ ಮೊಮ್ಮಕ್ಕಳು ಅದರ ನಯವಾದ ತಮ್ಮನನ್ನು ಚಪ್ಪರಿಸಬಹುದಾದ ಕಾಲ ಬಂದದ್ದು ವಾಸನೆ ಕಳೆದುದರಿಂದ. ಗೋಕಾಕದ ಕರದಂಟಿನಲ್ಲಿಯೂ ಅಂಟು ಇದೆ, ಹೆಸರಿನಲ್ಲಿಯೇ ಇದೆ. ಆದರೆ ಅದು ಮರದ ತೊಗಟೆಯಿಂದ ಒಸರಿದ ಗೋಂದು, ತುಪ್ಪದಲ್ಲಿ ಕರಿದಾಗ ಅರಳಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಜೆಲಟಿನ್ ತನ್ನನ್ನು ಎಲ್ಲಿಯೂ ತೋರಿಸಿಕೊಳ್ಳುವುದಿಲ್ಲ. ಹಣ್ಣುಗಳಿಂದ ತೆಗೆಯುವ ಪೆಕ್ಟಿನ್ ಬಳಸಿ ಜೆಲ್ಲಿ ಮಾಡಿದರೂ ನಾಲಿಗೆ ವ್ಯತ್ಯಾಸವನ್ನು ಖಚಿತವಾಗಿ ಹೇಳಲಾರದು.

ಮೈಮೇಲಿನ ಹೊಳಪಿನದು ಬೇರೆಯೇ ಕಥೆ. ಗುಂಡಗಿನ, ಗಾಜಿನಂತೆ ಮಿನುಗುವ ಚಾಕಲೇಟು ಗುಳಿಗೆಗಳ ಹೊದಿಕೆಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ 904 ಎಂಬ ಸಂಕೇತಸಂಖ್ಯೆ ಕಂಡರೆ ಅದು ಶೆಲ್ಲಾಕ್, ಅಂದರೆ ಅರಗು. ಮುತ್ತುಗ, ಬೋರೆ ಮೊದಲಾದ ಮರಗಳ ಟೊಂಗೆಗೆ ಮುತ್ತುವ ಒಂದು ಸಣ್ಣ ಕೀಟ ತನ್ನ ಮೈಸುತ್ತ ಒಸರಿಸುವ ರಾಳವಿದು. ಟೊಂಗೆಯಿಂದ ಕೆರೆದು ತೆಗೆಯುವಾಗ ಕೀಟವೂ ಬಹುಮಟ್ಟಿಗೆ ಅದರೊಡನೆ ಹೋಗುತ್ತದೆ. ಪಾಂಡವರನ್ನು ಸುಡಲು ಕಟ್ಟಿದ ಮನೆಯಲ್ಲಿ, ಚನ್ನಪಟ್ಟಣದ ಬೊಂಬೆಯ ಬಣ್ಣದಲ್ಲಿ, ಅರಗಿನ ಬಳೆಯಲ್ಲಿ ಕನ್ನಡಿಗರಿಗೆ ಗುರುತಿದ್ದ ವಸ್ತು ಬಾಯಿಗೆ ಬಂದಾಗ ಮಾತ್ರ ಹೆಸರು ಬದಲಿಸಿಕೊಂಡು ಬಂದಿದೆ. ಇನ್ನು ವಿದೇಶದ ಕೆಂಪು ಮಿಠಾಯಿಗಳಲ್ಲಿ ಬರುವ 120 ಎಂಬುದು ಕಾರ್ಮೈನ್, ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಕೀಟವನ್ನು ಒಣಗಿಸಿ ತೆಗೆದ ಬಣ್ಣ. ಈ ಬಣ್ಣದ ಆಸೆಯಿಂದಲೇ 1795ರಲ್ಲಿ ಬ್ರೆಜಿಲಿನಿಂದ ಭಾರತಕ್ಕೆ ತಂದ ಕೀಟ ಬೇರೆ ಜಾತಿಯದೆಂದು ಆಮೇಲೆ ತಿಳಿಯಿತು. ಅದು ನಿರೀಕ್ಷಿಸಿದ ಬಣ್ಣ ಕೊಡದೆ ಕಳ್ಳಿಯನ್ನೇ ತಿಂದು ಮುಗಿಸತೊಡಗಿತು.

ಎಲ್ಲಕ್ಕಿಂತ ತೊಡಕಿನದು 471. ಜಿಡ್ಡನ್ನೂ ನೀರನ್ನೂ ಒಂದುಗೂಡಿಸುವ ಈ ಸಂಯುಕ್ತವನ್ನು ತಾಳೆಯ ಎಣ್ಣೆಯಿಂದಲೂ ಮಾಡಬಹುದು, ಪ್ರಾಣಿಯ ಕೊಬ್ಬಿನಿಂದಲೂ ಮಾಡಬಹುದು, ಎರಡಕ್ಕೂ ಸಂಖ್ಯೆ ಒಂದೇ. ಸಂಖ್ಯೆ ಹೇಳುವುದು ವಸ್ತು ಏನೆಂಬುದನ್ನು, ಅಡಿಗೆಮನೆ ಕೇಳುವುದು ಅದು ಎಲ್ಲಿಂದ ಬಂತೆಂಬುದನ್ನು. ರಸಾಯನಶಾಸ್ತ್ರದ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ಅಪ್ರಸ್ತುತ. ಉತ್ತರ ಸಿಗದ ಕಡೆ ವದಂತಿ ಬೆಳೆಯುತ್ತದೆ. ಸೋಯಾದಿಂದ ಬರುವ 322ನೆಯ ಲೆಸಿಥಿನ್ನನ್ನೂ, ಹರಳೆಣ್ಣೆಯಿಂದ ಮಾಡುವ 476ನ್ನೂ ಹಂದಿಯ ಕೊಬ್ಬೆಂದು ಸಾರುವ ಪಟ್ಟಿಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವುದು ಹೀಗೆ. ಅವನ್ನು ಬರಿಯ ಮೌಢ್ಯವೆಂದು ನಕ್ಕುಬಿಡುವಂತೆಯೂ ಇಲ್ಲ, ಏಕೆಂದರೆ ಎಲುಬಿನ ಇದ್ದಿಲಿನಿಂದ ಸೋಸಿದ್ದೆಂದು ವಿದೇಶಿ ಸಕ್ಕರೆಯನ್ನು ದೂರವಿಟ್ಟ ಸ್ವದೇಶಿ ಕಾಲದ ನೆನಪು, ಆಮದಾದ ದನದ ಕೊಬ್ಬು ವನಸ್ಪತಿಗೆ ಬೆರೆತು ದೇಶದಲ್ಲೆಲ್ಲ ಗದ್ದಲವೆದ್ದ 1983ರ ನೆನಪು, ಎರಡೂ ಇದರ ಬೆನ್ನಿಗಿವೆ. ದೆಹಲಿ ಉಚ್ಚ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ಹಿಡಿದದ್ದೂ ಈ ನಾಡಿಯನ್ನೇ: ಸಂಕೇತಸಂಖ್ಯೆ ಬರೆದರೆ ಸಾಲದು, ಆ ವಸ್ತು ಸಸ್ಯದಿಂದ ಬಂದದ್ದೋ, ಪ್ರಾಣಿಯಿಂದ ಬಂದದ್ದೋ, ಪ್ರಯೋಗಾಲಯದಲ್ಲಿ ಆದದ್ದೋ ಎಂಬುದನ್ನೂ ತಿಳಿಸಬೇಕೆಂದು ಅದು ಆದೇಶಿಸಿತು.

ಅದಕ್ಕೆ ಮುಂಚೆಯೇ ಗುರುತಿನ ಚುಕ್ಕೆ ಬಂದಿತ್ತು. 2001ರಲ್ಲಿ ಮಾಂಸಾಹಾರಕ್ಕೆ ಕಂದು, 2002ರಲ್ಲಿ ಸಸ್ಯಾಹಾರಕ್ಕೆ ಹಸಿರು. ಬಣ್ಣ ಗುರುತಿಸಲಾರದ ಕಣ್ಣಿಗೂ ತಿಳಿಯಲೆಂದು ಆಮೇಲೆ ಕಂದು ಚುಕ್ಕೆ ತ್ರಿಕೋನವಾಯಿತು. ಆದರೆ ಹಸಿರು ಚುಕ್ಕೆ ಹೇಳುವುದು ಕಾನೂನಿನ ಸಸ್ಯಾಹಾರವನ್ನು. ಮೊಟ್ಟೆಯನ್ನು ಹೊರಗಿಟ್ಟ 2020ರ ನಿಯಮ ಹಾಲನ್ನು ಮಾತ್ರವಲ್ಲದೆ ಜೇನನ್ನೂ, ಜೇನುಮೇಣವನ್ನೂ, ಅರಗನ್ನೂ ಮಾಂಸಾಹಾರದ ವ್ಯಾಖ್ಯೆಯಿಂದ ಬಿಟ್ಟುಕೊಟ್ಟಿದೆ. ಹೀಗಾಗಿ ಕೀಟದ ರಾಳ ಸವರಿದ, ಜೇನು ತುಂಬಿದ ಚಾಕಲೇಟು ಹಸಿರಾಗಿಯೇ ಅಂಗಡಿಗೆ ಬರಬಹುದು, ಮತ್ತು ಅದನ್ನು ಜೈನ ಮನೆಯ ಹಿರಿಯರು ಮುಟ್ಟದಿರಬಹುದು, ಕಾನೂನಿನದೂ ಅವರದೂ ತಪ್ಪಲ್ಲ. ಪರದೇಶದಿಂದ ಬಂಧುಗಳು ತರುವ ಡಬ್ಬಿಗಳಲ್ಲಿ ಈ ಗೊಂದಲ ತಿರುಗುಮುರುಗಾಗುತ್ತದೆ: 1847ರಲ್ಲಿ ಹುಟ್ಟಿದ ಬ್ರಿಟನ್ನಿನ ಸಸ್ಯಾಹಾರಿ ಸಂಘ ಬಯಲಲ್ಲಿ ಅಡ್ಡಾಡಿದ ಕೋಳಿಯ ಮೊಟ್ಟೆಗೆ ತನ್ನ ಮುದ್ರೆ ನಿರಾಕರಿಸುವುದಿಲ್ಲವಾದ್ದರಿಂದ, ಮೊಟ್ಟೆಯ ಬಿಳಿ ಕಡೆದು ಮಾಡಿದ ನೂಗಾ ತುಂಬಿದ ಚಾಕಲೇಟು ಅಲ್ಲಿ ಸಸ್ಯಾಹಾರಿ, ಇಲ್ಲಿ ಅಲ್ಲ. ಅದೇ ಬ್ರಿಟನ್ನಿನಲ್ಲಿ 2007ರ ಮೇ ತಿಂಗಳಲ್ಲಿ ಮಾರ್ಸ್ ಕಂಪನಿ ಪ್ರಾಣಿಮೂಲದ ರೆನ್ನೆಟ್, ಅಂದರೆ ಕರುವಿನ ಜಠರದಿಂದ ತೆಗೆದು ಹಾಲು ಒಡೆಯಿಸಲು ಬಳಸುವ ದ್ರವ್ಯ, ತಗುಲಿದ ಹಾಲಿನ ತಿಳಿಯನ್ನು ತನ್ನ ಚಾಕಲೇಟುಗಳಿಗೆ ಬಳಸುವುದಾಗಿ ತಿಳಿಸಿ, ದೂರುಗಳ ಮಳೆ ಸುರಿದಾಗ ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ ಹಿಂದೆ ಸರಿಯಿತು. ಮೊಟ್ಟೆ ತಿನ್ನುವ ಸಸ್ಯಾಹಾರಿಗಳೂ ಕರುವಿನ ಹೊಟ್ಟೆಯವರೆಗೆ ಮೂಲ ಹುಡುಕಿಕೊಂಡು ಹೋದರು.

ಊರಿನ ಸಿಹಿಯೂ ಪೂರ್ತಿ ಮಡಿಯಾಗಿರಲಿಲ್ಲ. ಧಾರವಾಡ ಪೇಡೆ ಹಾಲು ಸಕ್ಕರೆಗಳ ಪಾಕದಲ್ಲೇ ಕಂದಾಗುವ, ಏನನ್ನೂ ಮುಚ್ಚಿಡದ ಪದಾರ್ಥ. ಆದರೆ ಬೇರೆ ಮಿಠಾಯಿಗಳ ಮೇಲೆ ನಡುಗುವ ಬೆಳ್ಳಿಯ ವರ್ಕು ದನದ ಕರುಳಿನ ಪದರಗಳ ನಡುವೆ ಬಡಿದು ತೆಳುವಾಗುತ್ತಿತ್ತು. ಪ್ರಾಣಿಮೂಲದ ಸಾಮಗ್ರಿ ಅದರ ತಯಾರಿಕೆಯ ಯಾವ ಹಂತದಲ್ಲಿಯೂ ಕೂಡದೆಂಬ ನಿಯಮ ಬಂದದ್ದು 2016ರಲ್ಲಿ, ಅಷ್ಟರೊಳಗೆ ಎಷ್ಟೋ ನೈವೇದ್ಯಗಳು ನಡೆದುಹೋಗಿದ್ದವು.

ಅಳ್ನಾವರದ ಕಿರಾಣಿ ಅಂಗಡಿಯಲ್ಲಿ ಚಾಕಲೇಟು ಗಾಜಿನ ಬರಣಿಯಿಂದ ಬಿಡಿಬಿಡಿಯಾಗಿ ಮಾರಾಟವಾಗುತ್ತದೆ. 100 ಚದರ ಸೆಂಟಿಮೀಟರಿಗಿಂತ ಚಿಕ್ಕ ಹೊದಿಕೆಯ ಮೇಲೆ ಪದಾರ್ಥಗಳ ಪಟ್ಟಿ ಬರೆಯಬೇಕಾಗಿಲ್ಲ, ದೊಡ್ಡ ಚೀಲದ ಮೇಲಿದ್ದರೆ ಸಾಕು. ಚೀಲವನ್ನು ಹರಿದು ಬರಣಿಗೆ ಸುರಿದೊಡನೆ ಅಂಗಡಿಯವರು ಅದನ್ನು ಗಲ್ಲೆಯ ಕೆಳಗಿನ ರದ್ದಿಗೆ ಎಸೆಯುತ್ತಾರೆ, 471 ಆಗಲಿ 904 ಆಗಲಿ ಅದರೊಡನೆಯೇ ಹೋಗುತ್ತದೆ. ಒಂದು ರೂಪಾಯಿ ಕೊಟ್ಟ ಮಗುವಿನ ಅಂಗೈಯಲ್ಲಿ ಉಳಿಯುವುದು 3 ಮಿಲಿಮೀಟರಿನ ಹಸಿರು ಚುಕ್ಕೆ.